ಯಾವ ಪೈಪು ಒಳ್ಳೇದು ಎಂದು ಕೇಳುವ ಮೊದಲು

ಮನೆ ಕಟ್ಟಿಸುವವರು ಪ್ಲಂಬಿಂಗ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಯಾವ ಪೈಪು ಒಳ್ಳೇದು?" ಕೆಲವರು ಇನ್ನೂ ಮುಂದೆ ಹೋಗಿ ಸೀದಾ ಕಂಪನಿ ಹೆಸರೇ ಕೇಳುತ್ತಾರೆ. ನಾನು ತಿರುಗಿ ಎರಡು ಮೂರು ಪ್ರಶ್ನೆ ಹಾಕುತ್ತೇನೆ. ನಿಮಗೆ ಬರುವುದು ಹೊಳೆ ನೀರೋ, ಬೋರ್‌ವೆಲ್ ನೀರೋ, ಬಾವಿ ನೀರೋ? ತಾರಸಿ ಮೇಲೆ ನೀರು ಕಾಯಿಸುವ ಸೋಲಾರ್ ಕೂರಿಸುತ್ತೀರಾ? ಪೈಪು ಗೋಡೆಯೊಳಗೆ ಹೋಗುತ್ತದಾ, ಹೊರಗೆ ಬಿಸಿಲಲ್ಲಿ ಇರುತ್ತದಾ? ಇಷ್ಟು ಕೇಳುವ ಹೊತ್ತಿಗೆ ಎದುರಿನವರಿಗೆ ಬೇಸರ ಬಂದಿರುತ್ತದೆ. ಒಂದು ಹೆಸರು ಹೇಳಿ ಮುಗಿಸಬಾರದಾ ಅಂತ.

ಒಂದು ಹೆಸರು ಹೇಳಲು ಬರುವುದಿಲ್ಲ. ಯಾಕೆಂದರೆ ಒಂದು ಮನೆಯಲ್ಲಿ ಒಂದೇ ಲೈನ್ ಇರುವುದಿಲ್ಲ. ರಸ್ತೆಯಿಂದ ಸಂಪಿಗೆ ಬರುವುದು ಒಂದು. ಸಂಪಿನಿಂದ ಮೋಟರ್ ಎತ್ತುವುದು ಇನ್ನೊಂದು. ಟ್ಯಾಂಕಿನಿಂದ ಇಳಿಯುವ ತಣ್ಣೀರು, ಗೀಸರಿನಿಂದ ಬರುವ ಬಿಸಿನೀರು, ಬಚ್ಚಲ ನೀರು, ಕಮೋಡಿನ ನೀರು, ಮಳೆ ನೀರು, ಎಲ್ಲ ಬೇರೆ ಬೇರೆ. ಒಂದಕ್ಕೆ ಬಿಸಿಯ ಕಾಟ, ಒಂದಕ್ಕೆ ಬಿಸಿಲಿನ ಕಾಟ, ಒಂದಕ್ಕೆ ಮಣ್ಣಿನ ಭಾರ. ಎಲ್ಲಕ್ಕೂ ಒಂದೇ ಪೈಪು ಹಾಕಿದರೆ ಕೆಲವು ಕಡೆ ಸುಮ್ನೆ ದುಡ್ಡು ದಂಡ, ಇನ್ನು ಕೆಲವು ಕಡೆ ಗೋಡೆ ಒಡೆಯುವ ಕೆಲಸ.

ಮೊದಲು ನೀರಿನಿಂದಲೇ ಶುರು ಮಾಡೋಣ. ನಮ್ಮ ರಾಜ್ಯದಲ್ಲಿ ಒಂದೇ ಥರದ ನೀರಿಲ್ಲ. ಬೆಂಗಳೂರು, ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಜನ ಅದನ್ನು ಉಪ್ಪುನೀರು ಅನ್ನುತ್ತಾರೆ. ಸೋಪು ನೊರೆ ಬರಲ್ಲ, ನಲ್ಲಿ ಮೇಲೆ ಬಿಳಿ ಕಲೆ, ಬಕೆಟ್ಟಿನ ಒಳಗೆ ಸುಣ್ಣದ ಪದರ. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500. ಅದರ ಲೆಕ್ಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಸೈಟ್ ತೆಗೆದುಕೊಂಡವರು ಮಣ್ಣು ಪರೀಕ್ಷೆಗೆ, ವಾಸ್ತುವಿಗೆ ದುಡ್ಡು ಕೊಡುತ್ತಾರೆ. ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ಟು ಗಡಸುತನ, ಪಿಎಚ್ ಎರಡೂ ಬರೆಸಿಕೊಂಡು ಬನ್ನಿ ಅಂದರೆ ಮಾಡುವುದಿಲ್ಲ. ಆ ಚೀಟಿ ಪೈಪಿಗೆ ಮಾತ್ರವಲ್ಲ, ಗೀಸರಿಗೆ, ವಾಷಿಂಗ್ ಮಷೀನಿಗೆ ಎಲ್ಲಕ್ಕೂ ಬೇಕು.

ಕರಾವಳಿಗೆ ಇಳಿದರೆ ಕತೆ ಉಲ್ಟಾ. ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲಿನ ನೆಲದ ಬಾವಿ ನೀರು ಮೆದು. ಸೋಪು ಬೇಗ ನೊರೆ ಬರುತ್ತದೆ, ಸುಣ್ಣದ ಕಾಟ ಇಲ್ಲ. ಆದರೆ ಹಲವು ಕಡೆ ಆ ನೀರಿನ ಪಿಎಚ್ 7ಕ್ಕಿಂತ ಕೆಳಗೆ. ಅಂದರೆ ಸ್ವಲ್ಪ ಆಮ್ಲದ ಗುಣ. ಅದು ಲೋಹವನ್ನು ನಿಧಾನಕ್ಕೆ ತಿನ್ನುತ್ತದೆ. ಅದರ ಮೇಲೆ ಹೊರಗಿನಿಂದ ಸಮುದ್ರದ ಉಪ್ಪುಗಾಳಿ.

ಈಗ ಜಿಐ ಪೈಪಿಗೆ ಬನ್ನಿ. ನಮ್ಮ ಅಪ್ಪಂದಿರ ಕಾಲದ ಮನೆಗಳೆಲ್ಲ ಅದರಲ್ಲೇ ಆಗಿದ್ದು. ಕಬ್ಬಿಣದ ಪೈಪಿಗೆ ಸತುವಿನ ಲೇಪ. ಸತು ಏನು ಮಾಡುತ್ತದೆ ಅಂದರೆ, ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಸತು ಮುಗಿಯುವವರೆಗೆ ಪೈಪಿಗೆ ಆಯಸ್ಸು. ಗಡಸು ನೀರಿನಲ್ಲಿ ಒಳಗೆ ಸುಣ್ಣದ ತೆಳು ಪದರ ಕೂರುತ್ತದೆ. ಮೊದಮೊದಲು ಅದು ಒಳ್ಳೆಯದೇ, ಲೋಹಕ್ಕೆ ನೀರು ತಾಕುವುದಿಲ್ಲ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ದಪ್ಪ ಆಗುತ್ತಾ ಹೋಗುತ್ತದೆ, ಅದರ ಜತೆ ತುಕ್ಕು ಸೇರುತ್ತದೆ. ಹಳೆ ಮನೆ ಕೆಡವುವಾಗ ಕತ್ತರಿಸಿದ ಜಿಐ ತುಂಡು ಸಿಕ್ಕರೆ ಒಂದು ಸಲ ಒಳಗೆ ಇಣುಕಿ ನೋಡಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿರುತ್ತದೆ. ಬಿಸಿನೀರಿನ ಲೈನ್ ಆದರೆ ಇನ್ನೂ ಬೇಗ. ನೀರು ಕಾದಾಗ ಕರಗಿದ್ದ ಸುಣ್ಣ ಹೊರಗೆ ಬಂದು ಕೂರುತ್ತದೆ. 60 ಡಿಗ್ರಿ ದಾಟಿದ ಮೇಲೆ ಸತುವೂ ಮೊದಲಿನ ಹಾಗೆ ಕಾಯುವುದಿಲ್ಲ.

ಕರಾವಳಿಯ ಮೆದು ನೀರಿನಲ್ಲಿ ಆ ಸುಣ್ಣದ ರಕ್ಷಣೆಯೂ ಇಲ್ಲ. ಸತು ನೇರವಾಗಿ ನೀರಿಗೆ ಸಿಗುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲ ಚೊಂಬು ಕೆಂಪು ನೀರು. ಹಾಗಾಗಿ ಹೊಸ ಮನೆಯ ಗೋಡೆಯೊಳಗೆ ಜಿಐ ಹಾಕಿಸಿ ಅಂತ ನಾನು ಹೇಳುವುದಿಲ್ಲ, ಮಂಗಳೂರಿನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಜಿಐ ಇನ್ನೂ ಬೇಕಾದ ಜಾಗ ಇದೆ, ಸೋಲಾರಿನ ಮಾತು ಬಂದಾಗ ಹೇಳುತ್ತೇನೆ. ತೆಗೆದುಕೊಳ್ಳುವುದಾದರೆ ಪೈಪಿನ ಮೇಲಿನ ಬಣ್ಣದ ಪಟ್ಟಿ ನೋಡಿ. ಹಳದಿ ಅಂದರೆ ತೆಳು, ನೀಲಿ ಅಂದರೆ ಮಧ್ಯಮ, ಕೆಂಪು ಅಂದರೆ ದಪ್ಪ. ನೀರಿಗೆ ನೀಲಿ ಪಟ್ಟಿಗಿಂತ ಕೆಳಗೆ ಇಳಿಯಬೇಡಿ.

ಇನ್ನು ಪ್ಲಾಸ್ಟಿಕ್ ಪೈಪುಗಳು. ಇಲ್ಲಿ ಜನ ಎಲ್ಲವನ್ನೂ ಪಿವಿಸಿ ಅನ್ನುತ್ತಾರೆ. ಅಂಗಡಿಯಲ್ಲೂ ಹಾಗೆ ಕೇಳಿದರೆ ಅವರು ಯಾವುದನ್ನೋ ಕೊಡುತ್ತಾರೆ. ಬಿಳಿ ಬಣ್ಣದ್ದು ಯುಪಿವಿಸಿ. ಇದು ತಣ್ಣೀರಿಗೆ. ತೆಳು ಹಳದಿ, ಕೆನೆ ಬಣ್ಣದ್ದು ಸಿಪಿವಿಸಿ. ಇದು ಬಿಸಿನೀರಿಗೂ ಆಗುತ್ತದೆ. ಸಿಪಿವಿಸಿ ಅಂದರೆ ಪಿವಿಸಿಗೇ ಇನ್ನಷ್ಟು ಕ್ಲೋರಿನ್ ಸೇರಿಸಿ ಮಾಡಿದ್ದು. ಆ ಒಂದು ಬದಲಾವಣೆಯಿಂದ ಬಿಸಿ ತಡೆಯುವ ಶಕ್ತಿ ಬರುತ್ತದೆ. ಯುಪಿವಿಸಿ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗಲು ಶುರು. ಸಿಪಿವಿಸಿ 80 ದಾಟಿದರೂ ಕೆಲಸ ಮಾಡುತ್ತದೆ, 93 ಡಿಗ್ರಿ ಅದರ ಮಿತಿ.

ಮಿತಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಪಿವಿಸಿ ಪೈಪಿನ ಮೇಲೆ ಎಸ್‌ಡಿಆರ್ 11, ಎಸ್‌ಡಿಆರ್ 13.5 ಅಂತ ಅಚ್ಚಾಗಿರುತ್ತದೆ. ಪೈಪಿನ ಹೊರ ಅಗಲವನ್ನು ಗೋಡೆಯ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಸಂಖ್ಯೆ ಚಿಕ್ಕದಾದಷ್ಟೂ ಗೋಡೆ ದಪ್ಪ. ಮುಕ್ಕಾಲು ಇಂಚಿನ ಪೈಪಿನ ಹೊರ ಅಗಲ 22 ಮಿಲಿಮೀಟರ್ ಚಿಲ್ಲರೆ. ಎಸ್‌ಡಿಆರ್ 11ರಲ್ಲಿ ಗೋಡೆ 2 ಮಿಲಿಮೀಟರ್, 13.5ರಲ್ಲಿ ಸುಮಾರು 1.6. ಎಸ್‌ಡಿಆರ್ 11 ಪೈಪು ತಣ್ಣೀರಿನಲ್ಲಿ ಚದರ ಸೆಂಟಿಮೀಟರಿಗೆ 28 ಕಿಲೋ ಒತ್ತಡ ತಡೆಯುತ್ತದೆ. ಅದೇ ಪೈಪು 82 ಡಿಗ್ರಿ ಬಿಸಿನೀರಿನಲ್ಲಿ ತಡೆಯುವುದು 7 ಕಿಲೋ ಮಾತ್ರ. ಅಂಗಡಿಯವರು ಹೇಳುವುದು ಮೊದಲ ಸಂಖ್ಯೆ. ನೀವು ಲೆಕ್ಕ ಇಟ್ಟುಕೊಳ್ಳಬೇಕಾದದ್ದು ಎರಡನೆಯದು.

ಹಾಗಾದರೆ 7 ಕಿಲೋ ಸಾಕಾ? ನಿಮ್ಮ ಮನೆಯ ಒತ್ತಡ ಎಷ್ಟು ಅಂತ ನೋಡೋಣ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಕಿಲೋ ಒತ್ತಡ. ಎರಡು ಅಂತಸ್ತಿನ ಮನೆಯ ತಾರಸಿ ಮೇಲಿನ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ 1 ಕಿಲೋ ಕೂಡ ಸಿಗುವುದು ಕಷ್ಟ. ಮೇಲಿನ ಮಹಡಿಯ ಷವರ್‌ಗೆ ಟ್ಯಾಂಕ್ ಎರಡು ಮೂರು ಮೀಟರ್ ಮೇಲಿದ್ದರೆ 0.2, 0.3 ಕಿಲೋ ಅಷ್ಟೇ. ಅಂದಮೇಲೆ ಸಾಧಾರಣ ಮನೆಯಲ್ಲಿ ನೀರಿನ ಒತ್ತಡಕ್ಕೇ ಒಳ್ಳೆಯ ಪೈಪು ಒಡೆಯುವುದು ಅಪರೂಪ. ಪ್ರೆಷರ್ ಪಂಪು ಹಾಕಿಸಿದವರ ಮನೆಯಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ಪಂಪು ಓಡುವಾಗ ನಲ್ಲಿ ಫಟ್ ಅಂತ ಮುಚ್ಚಿದರೆ ಪೈಪಿನಲ್ಲಿ ಡಬ್ ಅಂತ ಸದ್ದು ಬರುತ್ತದಲ್ಲ, ಆ ಕ್ಷಣ ಒತ್ತಡ ಹಲವು ಪಟ್ಟು ಏರಿರುತ್ತದೆ. ಅದು ದಿನಕ್ಕೆ ಹತ್ತಾರು ಸಲ. ಹಾಗಾಗಿ ಪಂಪು ಇರುವ ಮನೆಗೆ, ಬಿಸಿನೀರಿನ ಲೈನಿಗೆ, ಗೋಡೆಯೊಳಗೆ ಹೋಗುವ ಯಾವುದೇ ಲೈನಿಗೆ ನಾನು ಎಸ್‌ಡಿಆರ್ 11 ಬಿಟ್ಟು ಬೇರೆ ಹೇಳುವುದಿಲ್ಲ. ಹೊರಗೆ ಕಾಣುವ ತಣ್ಣೀರಿನ ಲೈನಿಗೆ 13.5 ಸಾಕು, ಯುಪಿವಿಸಿಯೂ ಸಾಕು.

ಒತ್ತಡದ ಮಾತು ಬಂತು ಅಂತ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ವಿಜಯಪುರಕ್ಕೆ ಹೋದವರು ಗೋಲಗುಮ್ಮಟ ನೋಡಿ ವಾಪಸ್ ಬರುತ್ತಾರೆ. ಊರಿನಲ್ಲಿ ಅಲ್ಲಲ್ಲಿ ಒಂಟಿಯಾಗಿ ನಿಂತ ಚೌಕಾಕಾರದ ಕಲ್ಲಿನ ಗೋಪುರಗಳಿವೆ. ಗಂಜ್ ಅನ್ನುತ್ತಾರೆ. ಆದಿಲ್‌ಶಾಹಿಗಳ ಕಾಲದಲ್ಲಿ ಬೇಗಂ ತಲಾಬ್, ತೊರವಿ ಕಡೆಯಿಂದ ಊರಿಗೆ ನೆಲದೊಳಗೆ ನೀರು ತಂದರು. ಬೇಗಂ ತಲಾಬಿನಿಂದ ಬಂದಿದ್ದು ಸುಟ್ಟ ಮಣ್ಣಿನ ಪೈಪಿನಲ್ಲಿ. ಮಣ್ಣಿನ ಪೈಪು ಒತ್ತಡ ತಡೆಯುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಪೈಪಿನ ಸುತ್ತ ಗಾರೆ ಕಲ್ಲು ಕಟ್ಟಿದರು. ನಡುನಡುವೆ ಈ ಗೋಪುರಗಳನ್ನು ಎಬ್ಬಿಸಿ ನೀರು ಅಲ್ಲಿ ಮೇಲೇರಿ ಒತ್ತಡ ಇಳಿಸಿಕೊಂಡು ಮುಂದೆ ಹೋಗುವ ಹಾಗೆ ಮಾಡಿದರು. ಹೂಳೂ ಅಲ್ಲೇ ತಳಕ್ಕೆ ಕೂರುತ್ತಿತ್ತು. ಇವತ್ತು ನಾವು ಬಲವಾದ ಪೈಪು ತಂದು ಯೋಚನೆ ಕಡಿಮೆ ಮಾಡಿದ್ದೇವೆ. ಅವರ ಹತ್ತಿರ ಇದ್ದಿದ್ದು ಬಡ ಪೈಪು, ಅದಕ್ಕೇ ಜಾಸ್ತಿ ಯೋಚಿಸಿದರು. ಮುಂದಿನ ಸಲ ಹೋದಾಗ ಆ ಗಂಜ್ ನೋಡಿ ಬನ್ನಿ.

ಸರಿ, ವಾಪಸ್ ಮನೆಗೆ. ಒತ್ತಡ ಕಡಿಮೆ ಅಂದೆ. ಹಾಗಾಗಿ ಮೇಲಿನ ಮಹಡಿಯಲ್ಲಿ ನಿಜವಾದ ಸಮಸ್ಯೆ ಪೈಪಿನ ಒಳ ಅಗಲ. ಇಲ್ಲೊಂದು ಮೋಸ ಇದೆ, ಯಾರೂ ಬೇಕು ಅಂತ ಮಾಡಿದ್ದಲ್ಲ. ಅರ್ಧ ಇಂಚಿನ ಜಿಐ ಪೈಪಿನ ಒಳ ಅಗಲ ಸುಮಾರು 16 ಮಿಲಿಮೀಟರ್. ಅರ್ಧ ಇಂಚಿನ ಸಿಪಿವಿಸಿ ಪೈಪಿನ ಹೊರ ಅಗಲವೇ 16. ಒಳಗೆ ಉಳಿಯುವುದು 12 ಚಿಲ್ಲರೆ. ಹೆಸರು ಅದೇ ಅರ್ಧ ಇಂಚು, ನೀರು ಹೋಗುವ ಜಾಗ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಹಳೆ ಮನೆಯ ಲೆಕ್ಕದಲ್ಲೇ ಹೊಸ ಪೈಪು ಹಾಕಿದ ಮೇಸ್ತ್ರಿಗಳು ಇದ್ದಾರೆ. ಆಮೇಲೆ ಷವರಿನಲ್ಲಿ ನೀರು ಬರಲ್ಲ ಅಂತ ಪ್ರೆಷರ್ ಪಂಪು ತರುತ್ತಾರೆ. ಟ್ಯಾಂಕಿನಿಂದ ಇಳಿಯುವ ಮುಖ್ಯ ಲೈನ್ ಒಂದೂಕಾಲು ಅಥವಾ ಒಂದೂವರೆ ಇಂಚು ಇರಲಿ. ಬಾತ್‌ರೂಮಿನ ಒಳಗೆ ಮುಕ್ಕಾಲು ಇಂಚು ಓಡಲಿ. ಕಡೆಯ ಒಂದು ನಲ್ಲಿಗೆ ಮಾತ್ರ ಅರ್ಧ ಇಂಚು.

ಹಾಗಂತ ಎಲ್ಲ ಕಡೆ ದಪ್ಪ ಪೈಪು ಹಾಕುವುದೂ ತಪ್ಪೇ. ತಾರಸಿಯ ಸೋಲಾರಿನಿಂದ ಕೆಳಗಿನ ಅಡುಗೆಮನೆಗೆ ಬಿಸಿನೀರು ಬರಬೇಕು ಅಂದುಕೊಳ್ಳಿ. ದಾರಿ 20 ಮೀಟರ್. ಒಂದು ಇಂಚಿನ ಸಿಪಿವಿಸಿ ಹಾಕಿದರೆ ಪೈಪಿನಲ್ಲೇ ಎಂಟು ಲೀಟರಿಗಿಂತ ಜಾಸ್ತಿ ನೀರು ನಿಂತಿರುತ್ತದೆ. ಬೆಳಿಗ್ಗೆ ಅಷ್ಟೂ ತಣ್ಣೀರು ಹರಿದು ಹೋದ ಮೇಲೆ ಬಿಸಿ ಬರುತ್ತದೆ. ಮುಕ್ಕಾಲು ಇಂಚು ಆದರೆ ಐದು ಲೀಟರ್. ಅರ್ಧ ಇಂಚು ಆದರೆ ಎರಡೂವರೆಗೂ ಕಡಿಮೆ. ಕೆಳಗಿನ ಮನೆಗೆ ಒತ್ತಡ ಹೇಗೂ ಇರುತ್ತದೆ, ಪಾತ್ರೆ ತೊಳೆಯಲು ಜೋರು ಧಾರೆ ಬೇಕಾಗಿಲ್ಲ. ಅಲ್ಲಿ ಸಣ್ಣ ಪೈಪೇ ಜಾಣತನ. ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ದಿನಾ ಎಂಟು ಲೀಟರ್ ಚರಂಡಿಗೆ ಬಿಡುವುದು ಯಾವ ನ್ಯಾಯ?

ಸೋಲಾರ್ ಬಗ್ಗೆ ಹೇಳಬೇಕು ಅಂದಿದ್ದೆ. ಬೆಂಗಳೂರು, ಮೈಸೂರಿನಲ್ಲಿ ತಾರಸಿ ಮೇಲೆ ಸೋಲಾರ್ ಇರುವ ಸ್ವಂತ ಮನೆಗಳು ಬೇಕಾದಷ್ಟಿವೆ. ಬೇಸಿಗೆಯಲ್ಲಿ ನೀವು ಬೀಗ ಹಾಕಿ ಊರಿಗೆ ಹೋಗುತ್ತೀರಿ. ನೀರು ಬಳಸುವವರಿಲ್ಲ, ಬಿಸಿಲು ಬಿಡುವುದಿಲ್ಲ. ಗಾಜಿನ ಕೊಳವೆಯ ಸೋಲಾರ್ ಆದರೆ ನೀರು ಕುದಿಯುವ ಹತ್ತಿರಕ್ಕೂ ಹೋಗಬಹುದು. ಅಂದರೆ ಸಿಪಿವಿಸಿ ಮಿತಿಯನ್ನು ಮುಟ್ಟಿತು ಅಂತಲೇ ಲೆಕ್ಕ. ಅದಕ್ಕೇ ಸೋಲಾರ್ ಟ್ಯಾಂಕಿನಿಂದ ಹೊರಬರುವ ಮೊದಲ ಕೆಲವು ಅಡಿ ಜಿಐ ಇರಲಿ ಅನ್ನುವುದು. ಅಲ್ಲಿ ಜಿಐ ಕಣ್ಣಿಗೆ ಕಾಣುತ್ತಿರುತ್ತದೆ, ತುಕ್ಕು ಹಿಡಿದರೆ ಬಿಚ್ಚಿ ಬೇರೆ ಹಾಕಬಹುದು. ಅದಾದ ಮೇಲೆ ಸಿಪಿವಿಸಿ. ಮೇಲೆ ಗಾಳಿ, ಆವಿ ಹೋಗುವ ವೆಂಟ್ ಪೈಪು ಇರಲೇಬೇಕು. ನೋಡಲು ಚೆನ್ನಾಗಿಲ್ಲ ಅಂತ ಅದನ್ನು ಮುಚ್ಚಿಸಿದವರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ.

ಬಿಸಿ ಆದಾಗ ಪೈಪು ಉದ್ದ ಆಗುತ್ತದೆ. ಇದು ಪುಸ್ತಕದ ಮಾತು ಅನ್ನಿಸಬಹುದು. ಹತ್ತು ಮೀಟರಿನ ಸಿಪಿವಿಸಿ ಲೈನ್ 25 ಡಿಗ್ರಿಯಿಂದ 65ಕ್ಕೆ ಏರಿದರೆ ಸುಮಾರು ಒಂದು ಇಂಚು ಉದ್ದ ಆಗುತ್ತದೆ. ಜಿಐ ಆಗಿದ್ದರೆ ಅರ್ಧ ಸೆಂಟಿಮೀಟರ್. ಜಿಐ ಕೆಲಸ ಮಾಡಿ ಅಭ್ಯಾಸ ಆದವರು ಕ್ಲಾಂಪನ್ನು ಗಟ್ಟಿಯಾಗಿ ಬಿಗಿಯುತ್ತಾರೆ. ಪೈಪಿಗೆ ಜಾರಲು ಜಾಗ ಇಲ್ಲ, ಅದು ಬಿಲ್ಲಿನ ಹಾಗೆ ಬಾಗುತ್ತದೆ, ಇಲ್ಲವೇ ತುದಿಯ ಎಲ್ಬೋ, ಅಂದರೆ ತಿರುವಿನ ತುಂಡಿನ ಮೇಲೆ ಬಲ ಬೀಳುತ್ತದೆ. ಕ್ಲಾಂಪ್ ಪೈಪನ್ನು ಹಿಡಿಯಬೇಕು, ಹಿಸುಕಬಾರದು. ಉದ್ದದ ಬಿಸಿನೀರಿನ ಲೈನಿನಲ್ಲಿ ಒಂದೆರಡು ಕಡೆ ಬೇಕೆಂದೇ ತಿರುವು ಕೊಟ್ಟರೆ ಆ ಒಂದು ಇಂಚು ಅಲ್ಲಿ ಹೊಂದಿಕೊಳ್ಳುತ್ತದೆ.

ಇಲ್ಲಿಯವರೆಗೆ ಪೈಪಿನ ಮಾತಾಯಿತು. ಆದರೆ ಸೋರುವುದು ಎಲ್ಲಿ? ನೂರಕ್ಕೆ ತೊಂಬತ್ತು ಅಂತ ಸುಮ್ನೆ ಅಂಕಿ ಹೇಳುವುದಿಲ್ಲ. ಗೋಡೆ ಒಡೆದು ನೋಡಿದಾಗ ನಡುವಿನ ನೇರ ಪೈಪು ಬಿರಿದಿದ್ದು ನಾನು ಕಂಡಿದ್ದು ಬಹಳ ಕಡಿಮೆ. ಸೋರುವುದು ಜಾಯಿಂಟಿನಲ್ಲಿ. ಹಾಗಾಗಿ ಪೈಪು ಆರಿಸುವುದು ಅಂದರೆ ಅರ್ಧ ಭಾಗ ಜಾಯಿಂಟ್ ಆರಿಸುವುದೇ. ನಿಮ್ಮ ಪ್ಲಂಬರಿಗೆ ಯಾವ ಜಾಯಿಂಟ್ ಕೈಗೆ ಕೂತಿದೆ ಅನ್ನುವುದೂ ಆ ಲೆಕ್ಕಕ್ಕೆ ಸೇರುತ್ತದೆ.

ಸಿಪಿವಿಸಿ ಸೇರುವುದು ಸಲ್ಯೂಷನ್ ಹಚ್ಚಿ. ಅದು ಅಂಟು ಅಂತ ತಿಳಿಯಬೇಡಿ. ಪೈಪಿನ ಮೈಯನ್ನು ಕರಗಿಸಿ ಎರಡನ್ನೂ ಒಂದಾಗಿಸುತ್ತದೆ. ಸಿಪಿವಿಸಿಗೆ ಸಿಪಿವಿಸಿ ಸಲ್ಯೂಷನ್ನೇ ಬೇಕು. ಕೈಗೆ ಸಿಕ್ಕಿತು ಅಂತ ಯುಪಿವಿಸಿ ಡಬ್ಬಿಯಲ್ಲಿ ಬ್ರಷ್ ಅದ್ದಿದರೆ ಜಾಯಿಂಟ್ ಹಿಡಿದ ಹಾಗೆ ಕಾಣುತ್ತದೆ, ಬಿಸಿನೀರು ಬಂದ ಮೇಲೆ ಬುದ್ಧಿ ತೋರಿಸುತ್ತದೆ. ಮುಚ್ಚಳ ತೆರೆದಿಟ್ಟು ಜೆಲ್ಲಿಯಂತಾದ ಸಲ್ಯೂಷನ್ ಬಿಸಾಕಬೇಕು, ಥಿನ್ನರ್ ಬೆರೆಸಿ ಬಳಸಬಾರದು. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಜುಂಗು ತೆಗೆದು, ಒರೆಸಿ, ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ, ಸ್ವಲ್ಪ ಹೊತ್ತು ಹಿಡಿದುಕೊಳ್ಳಬೇಕು. ಹಿಡಿಯದೆ ಬಿಟ್ಟರೆ ಪೈಪು ತಾನೇ ಸ್ವಲ್ಪ ಹಿಂದೆ ಸರಿಯುತ್ತದೆ. ಆ ಹಿಡಿದುಕೊಳ್ಳುವ ಅರ್ಧ ನಿಮಿಷವನ್ನು ಉಳಿಸಲು ಹೋದವರೇ ಜಾಸ್ತಿ.

ನಲ್ಲಿ ಕೂರುವ ಕಡೆ ಮರೆ, ಅಂದರೆ ತಿರುಗಿಸಿ ಬಿಗಿಯುವ ಥ್ರೆಡ್ ಇರುತ್ತದೆ. ಅಲ್ಲಿ ಹಿತ್ತಾಳೆಯ ಮರೆ ಇರುವ ಫಿಟಿಂಗ್ ಹಾಕಿಸಿ. ಬರೀ ಪ್ಲಾಸ್ಟಿಕ್ ಮರೆಗೆ ಲೋಹದ ನಲ್ಲಿ ಬಿಗಿದರೆ ಒಂದು ಸುತ್ತು ಹೆಚ್ಚಾದರೂ ಸಾಕು, ಸಣ್ಣ ಬಿರುಕು ಬೀಳುತ್ತದೆ. ಆ ಬಿರುಕು ಅವತ್ತು ಸೋರುವುದಿಲ್ಲ, ಟೈಲ್ಸ್ ಹಾಕಿದ ಮೇಲೆ ಸೋರುತ್ತದೆ. ಜಿಐ ಕಾಲದವರು ಮರೆಗೆ ದಾರ ಸುತ್ತಿ ಎಣ್ಣೆ ಬಣ್ಣ ಹಚ್ಚುತ್ತಿದ್ದರು. ಸಿಪಿವಿಸಿ ಹತ್ತಿರ ಅದನ್ನು ತರಬೇಡಿ. ಟೆಫ್ಲಾನ್ ಟೇಪ್ ಸಾಕು. ಕೆಲವು ಎಣ್ಣೆಗಳು, ಥಿನ್ನರ್, ಎಣ್ಣೆ ಬಣ್ಣ ಇವೆಲ್ಲ ಸಿಪಿವಿಸಿಯನ್ನು ನಿಧಾನಕ್ಕೆ ಬಿರಿಸುತ್ತವೆ. ತಾರಸಿ ಮೇಲಿನ ಪೈಪಿಗೆ ಬಿಸಿಲಿನ ರಕ್ಷಣೆಗೆ ಬಣ್ಣ ಹೊಡೆಯಬೇಕು, ಹೌದು. ಆದರೆ ನೀರಿನಲ್ಲಿ ಕಲಸುವ ಎಮಲ್ಷನ್ ಬಣ್ಣ ಮಾತ್ರ. ಕಿಟಕಿಯ ಗ್ರಿಲ್ಲಿಗೆ ಹೊಡೆದು ಉಳಿದ ಪೇಂಟನ್ನು ಪೈಪಿಗೂ ಬಳಿಯುವ ಅಭ್ಯಾಸ ಇದೆಯಲ್ಲ, ಅದು ಬೇಡ.

ಹೊಸ ಪೈಪು ಬಂದಿದೆ, ಹಾಕಿಸಲೇ ಅಂತ ಕೇಳುವವರಿಗೆ ಅಮೆರಿಕದ ಒಂದು ಕತೆ ಹೇಳುತ್ತೇನೆ. ಅಲ್ಲಿ 1978ರಿಂದ 1995ರವರೆಗೆ ಪಾಲಿಬ್ಯುಟಿಲೀನ್ ಅನ್ನುವ ಬೂದು ಬಣ್ಣದ ಪೈಪನ್ನು ಲಕ್ಷಗಟ್ಟಲೆ ಮನೆಗಳಿಗೆ ಹಾಕಿದರು. ಅಗ್ಗ, ಬಾಗುತ್ತದೆ, ಕೆಲಸ ಬೇಗ. ತಾಮ್ರದ ಕಾಲ ಮುಗಿಯಿತು ಅಂದರು. ಆಮೇಲೆ ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ನಿಗೆ ಆ ಪೈಪು, ಅದಕ್ಕಿಂತ ಮೊದಲು ಅದರ ಪ್ಲಾಸ್ಟಿಕ್ ಫಿಟಿಂಗುಗಳು, ಒಳಗಿನಿಂದಲೇ ಬಿರಿಯತೊಡಗಿದವು. ಕೋರ್ಟಿಗೆ ಹೋಗಿ 1995ರಲ್ಲಿ ಸುಮಾರು 95 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದ ಆಯಿತು. ಆ ಪೈಪು ಪರೀಕ್ಷೆಗಳಲ್ಲಿ ಪಾಸಾಗಿತ್ತು. ಹತ್ತು ಹದಿನೈದು ವರ್ಷ ಮನೆಯ ನೀರು ಹರಿದ ಮೇಲಷ್ಟೇ ಬಣ್ಣ ಬಯಲಾಯಿತು. ಹೊಸದನ್ನು ಬೇಡ ಅನ್ನುತ್ತಿಲ್ಲ. ಗೋಡೆಯೊಳಗೆ ಹೂಳುವ ವಸ್ತುವಿಗೆ ಮೊದಲ ಗಿರಾಕಿ ನೀವಾಗಬೇಕಿಲ್ಲ, ಅಷ್ಟೇ.

ಹಸಿರು ಅಥವಾ ಬಿಳಿ ಬಣ್ಣದ ಪಿಪಿಆರ್ ಅನ್ನುವ ಪ್ಲಾಸ್ಟಿಕ್ ಪೈಪು ಹೊಸದೇನಲ್ಲ, ಒಳ್ಳೆಯದೇ. ಅದನ್ನು ಸಲ್ಯೂಷನ್ನಿನಿಂದ ಸೇರಿಸುವುದಿಲ್ಲ. 260 ಡಿಗ್ರಿಗೆ ಕಾಯಿಸಿದ ಮಷೀನಿನಲ್ಲಿ ಎರಡೂ ತುದಿ ಕರಗಿಸಿ ಒತ್ತುತ್ತಾರೆ. ಸರಿಯಾಗಿ ಮಾಡಿದರೆ ಅಂಥ ಜಾಯಿಂಟ್ ಇನ್ನೊಂದಿಲ್ಲ. ಜಾಸ್ತಿ ಕಾಯಿಸಿದರೆ ಕರಗಿದ್ದು ಒಳಗೆ ಉಂಗುರ ಕಟ್ಟಿ ದಾರಿ ಮುಚ್ಚುತ್ತದೆ, ಹೊರಗಿನಿಂದ ಏನೂ ಕಾಣಲ್ಲ. ಬಿಸಿಗೆ ಉದ್ದ ಆಗುವುದು ಸಿಪಿವಿಸಿಗಿಂತ ಎರಡು ಪಟ್ಟು. ನಿಮ್ಮ ಊರಲ್ಲಿ ಆ ಕೆಲಸ ಚೆನ್ನಾಗಿ ಬಲ್ಲವರು, ಹತ್ತು ವರ್ಷ ಆದಮೇಲೂ ಮಷೀನ್ ತಂದು ರಿಪೇರಿ ಮಾಡುವವರು ಇದ್ದರೆ ಹಾಕಿಸಿ. ತಾಮ್ರದ ಪೈಪು ಬಗ್ಗೆ ಕೆಲವರಿಗೆ ಆಸೆ. ದುಡ್ಡು ಇದ್ದರೂ ಕರಾವಳಿಯ ಹುಳಿ ನೀರಿಗೆ ಬೇಡ, ಅದು ತಾಮ್ರವನ್ನೂ ತಿನ್ನುತ್ತದೆ. ವಾಷ್ ಬೇಸಿನ್ನಿನಲ್ಲಿ ನೀಲಿಹಸಿರು ಕಲೆ ಬರುತ್ತದೆ.

ರಸ್ತೆಯಿಂದ ಸಂಪಿನವರೆಗೆ ನೆಲದಲ್ಲಿ ಹೋಗುವ ಲೈನಿಗೆ ಎಚ್‌ಡಿಪಿಇ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು. ಕಪ್ಪು ಪೈಪು, ನೀಲಿ ಗೆರೆ. ಸುರುಳಿಯಲ್ಲಿ ಬರುತ್ತದೆ, ನಡುವೆ ಜಾಯಿಂಟೇ ಇಲ್ಲದ ಹಾಗೆ ಎಳೆಯಬಹುದು. ಮೇಲೆ ಕಾರು ನಿಂತು ಮಣ್ಣು ಕುಸಿದರೂ ಬಾಗುತ್ತದೆ, ಮುರಿಯುವುದಿಲ್ಲ. ಇದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ.

ಯಾವ ಪೈಪು ತಂದರೂ ಅದರ ಮೈಮೇಲಿನ ಅಚ್ಚು ಓದಿ. ಐಎಸ್‌ಐ ಗುರುತು, ಮಾನಕದ ಸಂಖ್ಯೆ, ಅಳತೆ, ದರ್ಜೆ ಎಲ್ಲ ಇರುತ್ತದೆ. ಸಿಪಿವಿಸಿಗೆ ಐಎಸ್ 15778, ತಣ್ಣೀರಿನ ಯುಪಿವಿಸಿಗೆ ಐಎಸ್ 4985, ಪಿಪಿಆರ್‌ಗೆ ಐಎಸ್ 15801, ಎಚ್‌ಡಿಪಿಇಗೆ ಐಎಸ್ 4984. ಪಿವಿಸಿ ಪೈಪು ತಯಾರಿಸುವಾಗ ಹಿಂದೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಹಳೆ ಸ್ಟಾಕು ಅಗ್ಗಕ್ಕೆ ಕೊಡುತ್ತೇವೆ ಅಂದರೆ ಕುಡಿಯುವ ನೀರಿನ ಲೈನಿಗೆ ತರಬೇಡಿ.

ಇನ್ನು ಹೊರಗೆ ಹೋಗುವ ನೀರು. ಇಲ್ಲಿ ಜನ ದುಡ್ಡು ಉಳಿಸಲು ನೋಡುತ್ತಾರೆ, ಕೊಳಕು ನೀರು ತಾನೇ ಅಂತ. ಕೊಳಕು ನೀರು, ಮಳೆ ನೀರು ಹೊರಗೆ ಒಯ್ಯುವ ಪೈಪಿಗೆ ಎಸ್‌ಡಬ್ಲ್ಯುಆರ್ ಅನ್ನುತ್ತಾರೆ. ಅದರಲ್ಲಿ ಎರಡು ಥರ, ಎ ಮತ್ತು ಬಿ. ನಾಲ್ಕು ಇಂಚು ಅಂತ ಕರೆಯುವ 110 ಮಿಲಿಮೀಟರ್ ಪೈಪಿನಲ್ಲಿ ಎ ಟೈಪಿನ ಗೋಡೆ 2.2 ಮಿಲಿಮೀಟರ್, ಬಿ ಟೈಪಿನದು 3.2. ಎ ಇರುವುದು ಮಳೆ ನೀರಿಗೆ, ಗಾಳಿ ಪೈಪಿಗೆ. ಕಮೋಡಿಗೆ, ಬಚ್ಚಲಿಗೆ ಬಿ ಬೇಕು. ಎರಡೂ ಒಂದೇ ಬಣ್ಣ, ದೂರದಿಂದ ಗೊತ್ತಾಗುವುದಿಲ್ಲ. ಸೈಟಿಗೆ ಮಾಲು ಬಂದಾಗ ನೀವೇ ತುದಿಯನ್ನು ನೋಡಬೇಕು. ಇಳಿಜಾರು ಹತ್ತು ಅಡಿಗೆ ಎರಡರಿಂದ ಮೂರು ಇಂಚು ಇರಲಿ. ತುಂಬಾ ಇಳಿಜಾರು ಕೊಟ್ಟರೆ ನೀರು ಓಡಿಹೋಗಿ ಗಟ್ಟಿ ಅಲ್ಲೇ ಉಳಿಯುತ್ತದೆ.

ಗೋಡೆ ಮುಚ್ಚುವ ಮುಂಚೆ ಪ್ರೆಷರ್ ಟೆಸ್ಟ್ ಮಾಡಿಸಿ. ಜಾಯಿಂಟ್ ಪೂರ್ತಿ ಒಣಗಲು ಒಂದು ದಿನ ಬಿಟ್ಟು, ಎಲ್ಲ ಬಾಯಿಗೂ ಪ್ಲಗ್ ಹಾಕಿ, ನೀರು ತುಂಬಿಸಿ, ಕೈ ಪಂಪಿನಲ್ಲಿ 10 ಕಿಲೋವರೆಗೆ ಏರಿಸಿ ಬಿಡುವುದು. ಒತ್ತಡದ ಮೀಟರಿನ ಮುಳ್ಳು ಇಳಿಯಬಾರದು. ನೀರಿಲ್ಲ ಅಂತ ಗಾಳಿ ತುಂಬಿ ಪರೀಕ್ಷೆ ಮಾಡಲು ಬಿಡಬೇಡಿ. ಗಾಳಿ ಒತ್ತಿಕೊಂಡಿರುತ್ತದೆ, ಪ್ಲಾಸ್ಟಿಕ್ ಸಿಡಿದರೆ ಚೂರುಗಳು ಹಾರುತ್ತವೆ. ಟೆಸ್ಟ್ ಆದಮೇಲೆ ಪ್ರತಿ ಗೋಡೆಯ ಪಕ್ಕ ಅಳತೆ ಟೇಪ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಗೀಸರ್ ಕೂರಿಸುವವರು ಡ್ರಿಲ್ ಹಿಡಿದು ಬರುತ್ತಾರೆ, ಆಗ ಬೇಕಾಗುತ್ತದೆ.

ಕೆಲವರು ಹಳೆ ಮನೆಯ ಬಗ್ಗೆ ಕೇಳುತ್ತಾರೆ. ಮನೆ ಗಟ್ಟಿ ಇದೆ, ಜಿಐ ಪೈಪು ಹೋಗಿದೆ, ಗೋಡೆ ಎಲ್ಲ ಒಡೆಯಬೇಕಾ ಅಂತ. ಬೇಡ. ಹಳೆ ಪೈಪು ಗೋಡೆಯಲ್ಲೇ ಸಾಯಲಿ. ಹೊಸ ಲೈನನ್ನು ಹೊರಗೋಡೆಯ ಮೇಲೆ ಇಳಿಸಿ, ಬಾತ್‌ರೂಮಿನ ಗೋಡೆಗೆ ಒಂದೊಂದು ತೂತು ಮಾತ್ರ ಮಾಡಿ ಒಳಗೆ ತನ್ನಿ. ಪ್ರತಿ ಬಾತ್‌ರೂಮಿಗೂ ಬೇರೆ ವಾಲ್ವ್ ಇಡಿಸಿ. ಆದರೆ ಒಂದು ವಿಷಯ ಪ್ಲಂಬರ್ ಹೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಹಳೆ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ವೈರನ್ನು ನೀರಿನ ಜಿಐ ಪೈಪಿಗೇ ಕಟ್ಟಿರುವುದು ಉಂಟು. ಪೈಪು ನೆಲದೊಳಗೆ ಹೋಗುತ್ತಿತ್ತು, ಹೇಗೋ ನಡೆಯುತ್ತಿತ್ತು. ನೀವು ನಡುವೆ ಎಲ್ಲೋ ಪ್ಲಾಸ್ಟಿಕ್ ಸೇರಿಸಿದ ದಿನ ಆ ಅರ್ಥಿಂಗ್ ಕಡಿದುಹೋಗುತ್ತದೆ. ಲೈಟ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಗೀಸರ್ ಕಾಯುತ್ತದೆ, ಶಾಕ್ ಹೊಡೆಯುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಪೈಪು ಬದಲಿಸಿದ ಮನೆಯಲ್ಲಿ ಗೀಸರ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಅರ್ಥಿಂಗ್ ಗುಂಡಿ ತೋಡಿಸಿ. ಮೇನ್ ಬೋರ್ಡಿನಲ್ಲಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದಿದ್ದರೆ ಅದನ್ನೂ ಅದೇ ದಿನ ಹಾಕಿಸಿಬಿಡಿ.